ಕಣ್ಣಿನ ಮಟ್ಟದ ಚೆಂಡು

ಸಾನ್ ಪೆದ್ರೊ ದೆ ಮಾಕೊರೀಸ್,
ಆಗಸ್ಟ್ ೨೫, ಭಾನುವಾರ

ಪ್ರೀತಿಯ ಅಪ್ಪಾ,

ಮೊದಲು ಆಶೀರ್ವಾದ ಕೊಡು. "ದೇವರು ನಿನ್ನನ್ನು ಹರಸಲಿ ಮಗಳೇ" ಎಂದು ನೀನು ಅಂದದ್ದು ಇಲ್ಲಿಗೆ ಕೇಳಿಸಿತು ಎಂದುಕೊಂಡೇ ಮುಂದೆ ಬರೆಯುತ್ತೇನೆ. ಬಲಭುಜದ ನೋವು ಹೇಗಿದೆ? ಹಿಟ್ಟಿನ ಮೂಟೆ ಎತ್ತಬೇಡ ಎಂದು ಡಾಕ್ಟರು ಹೇಳಿದ್ದನ್ನು ಆ ಆಲೆನ್‌ಟೌನಿನ ಬೇಕರಿಯಲ್ಲಿ ಯಾರೂ ನಿನಗೆ ನೆನಪಿಸುವುದಿಲ್ಲ, ಅದಕ್ಕೆ ನಾನು ಇಲ್ಲಿಂದ ನೆನಪಿಸುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಸಲೂನಿನಲ್ಲಿ ಶನಿವಾರ ಕೂರಲು ಜಾಗವಿರುವುದಿಲ್ಲ, ಕೂದಲು ಒಣಗಿಸುವ ಯಂತ್ರ ಒಂದು ಕೆಟ್ಟಿದೆ, ಅದರ ಕೆಳಗೆ ಅಜ್ಜಿ ಕುಳಿತು ಊರ ಸುದ್ದಿ ಕೇಳುತ್ತಾಳೆ. ಅವಳ ಮಂಡಿ ನೋವು ಈಗ ಚರ್ಚಿಗೆ ಹೋಗುವಾಗ ಮಾತ್ರ ಬರುತ್ತದೆ, ಆಟ ನೋಡಲು ಹೋಗುವಾಗ ಬರುವುದಿಲ್ಲ.

ಈ ಕಾಗದವನ್ನು ಪಕ್ಕದ ಮನೆಯ ಸೆನಾಯ್ದಾ ತರುತ್ತಾಳೆ. ಮಂಗಳವಾರ ಅವಳು ಮಗನ ಮನೆಗೆ ಹೊರಟಿದ್ದಾಳೆ. ಜೊತೆಗೆ ಕಾಫಿಪುಡಿ, ಮರಗೆಣಸಿನ ರೊಟ್ಟಿ, ಅಜ್ಜಿ ಮಾಡಿದ ತೆಂಗಿನಕಾಯಿ ಮಿಠಾಯಿ ಇವೆ. ಮಿಠಾಯಿ ಕಡಿಮೆ ಇದ್ದರೆ ಸೆನಾಯ್ದಾಳನ್ನು ಏನೂ ಕೇಳಬೇಡ, ವಿಮಾನ ಪ್ರಯಾಣ ಉದ್ದದ್ದು. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯೇನೋ. ನಮ್ಮ ಮನೆಯ ಫೋನು ನಿನಗೆ ಗೊತ್ತಲ್ಲ ಅಪ್ಪಾ. ಅಜ್ಜಿ ಕೂಗುತ್ತಾಳೆ, ಅಮ್ಮ ಕೂಗುತ್ತಾಳೆ, ಸಲೂನಿಗೆ ಬಂದವರೂ ಕೂಗುತ್ತಾರೆ, ನನ್ನ ಸರದಿ ಬರುವ ಹೊತ್ತಿಗೆ ನೀನು ಕೆಲಸಕ್ಕೆ ಹೊರಟಿರುತ್ತೀಯ. ನನಗೆ ಬಾಯಿಗಿಂತ ಪೆನ್ನು ಸುಲಭ. ಅದೂ ಅಲ್ಲದೆ ಇದು ಫೋನಿನಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲ.

ನಿನ್ನೆಯ ಆಟದ ಫಲಿತಾಂಶ ನೀನು ಆಗಲೇ ನೋಡಿದ್ದೀಯ. ನೀನು ಕಳಿಸಿದ ಧ್ವನಿ ಸಂದೇಶ ಬಂತು: "ಏನೋ ಮಗಾ, ಮತ್ತೆ ಸೊನ್ನೆಯಾ? ಮನೆಯೋರೆಲ್ಲಾ ನೋಡೋಕೆ ಬಂದಿದ್ರಂತೆ. ಬ್ಯಾಟು ಬೀಸೋದು ಮರ್ತೋಯ್ತಾ?" ನೀನು ನಗುತ್ತಲೇ ಹೇಳಿದ್ದೀಯ, ಗೊತ್ತು. ಆದರೆ ತಮ್ಮ ನೆಫ್ತಾಲಿ ಅದನ್ನು ಕೇಳಿ, ಇನ್ನೊಮ್ಮೆ ಕೇಳಿ, ಫೋನನ್ನು ಕವುಚಿಟ್ಟು ಸ್ನಾನಕ್ಕೆ ಹೋದ. ಇವತ್ತು ಬೆಳಗ್ಗೆ ಹುಡುಗರ ಜೊತೆ ಸಮುದ್ರಕ್ಕೆ ಹೋಗಿದ್ದಾನೆ, ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದಾನೆ. ನೀನು ಕರೆ ಮಾಡಿದಾಗ ನಾವು ಯಾರೂ ಎತ್ತಲಿಲ್ಲವಲ್ಲ, ಅದಕ್ಕೆ ಅಜ್ಜಿ ಕಾರಣ. "ಎತ್ತಿದ್ರೆ ನನ್ನ ಬಾಯಿ ನಿಲ್ಲಲ್ಲ ಕಣೇ" ಎಂದು ಅವಳೇ ಎಲ್ಲರ ಫೋನನ್ನೂ ಒಟ್ಟುಮಾಡಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ನೀನು ಕರೆ ಮಾಡಿದಾಗಲೆಲ್ಲ ಅಕ್ಕಿ ಗುಂಯ್ ಎನ್ನುತ್ತಿತ್ತು. ಅಜ್ಜಿ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಆಚೆ ನೋಡುತ್ತಿದ್ದಳು.

ನೀನು ನೋಡುವುದು ಚೆಂಡು ಹೊಡೆದು ಬೇಸ್ ಮುಟ್ಟಿದ ಲೆಕ್ಕ, ಹಿಟ್ ಎಂಬ ಒಂದೇ ಅಂಕಿಯನ್ನು. ಅಲ್ಲಿ ನಿನ್ನೆ ಸೊನ್ನೆ ಇದೆ, ನಿಜ. ಆ ಸೊನ್ನೆಯಂಥ ಸೊನ್ನೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ ಅಪ್ಪಾ! ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು. ಬೇಸ್‌ಬಾಲಿನ ಬಗ್ಗೆ ನಿನಗೆ ನಾನು ಪಾಠ ಹೇಳಹೊರಟೆ ಎಂದು ನಗಬೇಡ. ನಿನಗೆ ತಿಳಿದದ್ದೇ ಇರಬಹುದು, ಆದರೆ ನಾನು ಕಂಡ ಹಾಗೆ ಹೇಳಿದರೇ ನಿನ್ನೆ ಏನಾಯಿತೆಂದು ನಿನಗೆ ಕಾಣುತ್ತದೆ.

ಕಡಲಾಚೆಯ ಕ್ಲಬ್ಬು ಇಲ್ಲಿ ನಡೆಸುವ ಈ ಬೇಸ್‌ಬಾಲ್ ಅಕಾಡೆಮಿಯಲ್ಲಿ ನಾನು ಇಂಗ್ಲಿಷ್ ಕಲಿಸಲು ಸೇರಿದಾಗ, ಹುಡುಗರಿಗೆ ಹೊಡೆಯುವುದನ್ನು ಕಲಿಸುವುದೆಂದರೆ ಕೈಕಾಲು ಹೇಗೆ ಆಡಿಸಬೇಕೆಂದು ಕಲಿಸುವುದು ಎಂದುಕೊಂಡಿದ್ದೆ. ಅದೂ ಇದೆ. ಬ್ಯಾಟಿನ ಬುಡಕ್ಕೆ ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದೊಂದು ಯಂತ್ರ ಸಿಕ್ಕಿಸುತ್ತಾರೆ. ಬ್ಯಾಟು ಎಷ್ಟು ವೇಗವಾಗಿ ಬಂತು, ಎಷ್ಟು ಓರೆಯಾಗಿತ್ತು ಎಂದು ಅದು ಪರದೆಗೆ ಹೇಳುತ್ತದೆ. ಆ ಪರದೆಯಲ್ಲಿ ನೆಫ್ತಾಲಿಯ ಹೆಸರು ಯಾವಾಗಲೂ ಮೇಲೆಯೇ ಇರುತ್ತಿತ್ತು. ಅವನ ಕೈಯ ವೇಗದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಚಿಂತೆಯೆಲ್ಲ ಅವನು ಯಾವ ಚೆಂಡಿಗೆ ಬ್ಯಾಟು ಬೀಸುತ್ತಾನೆ ಎಂಬುದರ ಬಗ್ಗೆ. ಹೊಡೆತಗಾರರಿಗೆ ಕಲಿಸುವವರು ಕ್ವಿರೀನೊ ಮಾಸ್ತರು, ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರು ಎರಡು ಕಂಬ ನೆಟ್ಟು ಮೊಣಕಾಲಿನ ಮಟ್ಟಕ್ಕೊಂದು, ಎದೆಯ ಮಟ್ಟಕ್ಕೊಂದು ಬಣ್ಣದ ದಾರ ಕಟ್ಟಿ ಗಾಳಿಯಲ್ಲೇ ಒಂದು ಕಿಟಕಿ ಮಾಡಿದ್ದಾರೆ. ಹುಡುಗರು ಅದರ ಪಕ್ಕ ಬರಿಗೈಯಲ್ಲಿ ನಿಲ್ಲಬೇಕು, ಬ್ಯಾಟು ಮುಟ್ಟುವ ಹಾಗಿಲ್ಲ. ಯಂತ್ರ ಚೆಂಡು ಉಗುಳುತ್ತದೆ. ಚೆಂಡು ಕಿಟಕಿಯೊಳಗೆ ಬರುತ್ತದೆ ಅನಿಸಿದರೆ "ಬೇಕು" ಎನ್ನಬೇಕು, ಹೊರಗೆ ಹೋಗುತ್ತದೆ ಅನಿಸಿದರೆ "ಬೇಡ" ಎನ್ನಬೇಕು. ಅದೂ ಚೆಂಡು ಅರ್ಧ ದಾರಿಯಲ್ಲಿರುವಾಗಲೇ. ನನ್ನ ತಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಕು, ಬೇಕು, ಬೇಕು ಎಂದು ಕೂಗುತ್ತಿದ್ದ. "ಏನಪ್ಪಾ, ಮದುವೆ ಮನೆ ಊಟಕ್ಕೆ ಬಂದಿದ್ದೀಯಾ? ಒಂದಕ್ಕಾದ್ರೂ ಸಾಕು ಅನ್ನೋ!" ಎಂದು ಮಾಸ್ತರು ಅರಚುವುದು ನನ್ನ ತರಗತಿಗೆ ಕೇಳಿಸುತ್ತಿತ್ತು.

ಊಟದ ಕೋಣೆಯ ಗೋಡೆಗೆ ಒಂದು ಹಲಗೆ ಇದೆ. ಪ್ರತಿ ಆಟದ ಮರುದಿನ ಅದರ ಮೇಲೆ ಪ್ರತಿಯೊಬ್ಬನ ಹೆಸರಿನ ಮುಂದೆ ಹಸಿರು, ಕೆಂಪು ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಳ್ಳೆಯ ಚೆಂಡಿಗೆ ಬೀಸಿದರೆ ಹಸಿರು, ಕೆಟ್ಟ ಚೆಂಡನ್ನು ಬಿಟ್ಟರೂ ಹಸಿರು. ಕೆಟ್ಟದ್ದಕ್ಕೆ ಕೈ ಹಾಕಿದರೆ ಕೆಂಪು. ಹೊಡೆದ ಚೆಂಡು ಎಲ್ಲಿಗೆ ಹೋಯಿತು, ಔಟಾದನೋ ಓಡಿದನೋ ಎಂಬುದು ಆ ಹಲಗೆಗೆ ಬೇಕಿಲ್ಲ. ಜೂನಿನಲ್ಲಿ ನೆಫ್ತಾಲಿ ಹೊಡೆದ ಹೋಂ ರನ್ ನಿನಗೆ ನೆನಪಿದೆಯಲ್ಲ? ಕಣ್ಣಿನ ಮಟ್ಟಕ್ಕೆ ಬಂದ ಚೆಂಡನ್ನು ಕೊಡಲಿ ಬೀಸಿದ ಹಾಗೆ ಬೀಸಿ ಗೋಡೆಯಾಚೆಯ ಕಬ್ಬಿನ ಗದ್ದೆಗೆ ಅಟ್ಟಿದನಲ್ಲ, ಅದೇ. ಹುಡುಗರು ಅವನನ್ನು ಹೊತ್ತು ಕುಣಿದರು. ಮರುದಿನ ಹಲಗೆ ನೋಡಿದರೆ ಅದರ ಎದುರು ಕೆಂಪು ಬಿಲ್ಲೆ! ಅಷ್ಟೇ ಅಲ್ಲ, ಮುಂದಿನ ಆಟದಲ್ಲಿ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿ ಕಿಡಿಕಿಡಿಯಾದಳು. "ಗೋಡೆ ದಾಟ್ಸಿದೋನಿಗೆ ಶಿಕ್ಷೆನಾ? ಆ ಕ್ವಿರೀನೊಗೆ ಹೊಟ್ಟೆ ಅಷ್ಟು ದಪ್ಪ ಆಗಿರೋದು ಹೊಟ್ಟೆಕಿಚ್ಚಿಂದಲೇ" ಎಂದಳು. ನೀನೂ ಆ ಭಾನುವಾರ ಫೋನಿನಲ್ಲಿ ಅದನ್ನೇ ಹೇಳಿದೆ, ಮತ್ತೆ ನಿನ್ನ ಹಳೆಯ ಮಾತನ್ನೂ: "ಕಂಡಿದ್ದನ್ನೆಲ್ಲಾ ಬಾರ್ಸು ಮಗಾ, ಉಳಿದಿದ್ದು ದೇವರು ನೋಡ್ಕೋತಾನೆ."

ಆ ಮಾತು ಅವನಿಗೆ ಏನು ಎಂದು ನಿನಗೆ ಅಲ್ಲಿಂದ ಕಾಣುವುದಿಲ್ಲ. ಅವನು ಆರು ವರ್ಷದವನಿದ್ದಾಗ ನೀನು ಕೆಲಸಕ್ಕೆಂದು ಕಡಲಾಚೆ ಹೊರಟೆ. ಹೊರಡುವ ಮುಂಚೆ ದಿನವೂ ಸಂಜೆ ಬೀದಿಯಲ್ಲಿ ನೀರಿನ ಕ್ಯಾನಿನ ಮುಚ್ಚಳಗಳನ್ನು ಎಸೆದು, ಪೊರಕೆ ಕೋಲಿನಿಂದ ಅವನ ಕೈಯಲ್ಲಿ ಹೊಡೆಸುತ್ತಿದ್ದೆ. ಗಾಳಿಯಲ್ಲಿ ಹಾವಿನ ಹಾಗೆ ಹೊರಳಿಕೊಂಡು ಬರುವ ಆ ಮುಚ್ಚಳಕ್ಕೆ ಅವನು ಕೋಲು ತಾಗಿಸಿದಾಗ ನೀನು ಅವನನ್ನು ಹೆಗಲಿಗೇರಿಸಿಕೊಂಡು ಬೀದಿ ಸುತ್ತುತ್ತಿದ್ದೆ. ಅವನ ಬಳಿ ನಿನ್ನದೆಂದು ಉಳಿದದ್ದು ಫೋನಿನ ಗಾಜಿನೊಳಗಿನ ಮುಖ ಮತ್ತು ಆ ಒಂದು ಮಾತು. ಆದ್ದರಿಂದ ಭಾನುವಾರ ನೀನು "ಬಾರ್ಸು" ಎಂದರೆ ಸೋಮವಾರದ ಆಟದಲ್ಲಿ ಅವನು ಕಾಗೆಗೂ ಬ್ಯಾಟು ಬೀಸುತ್ತಿದ್ದ. ಮಂಗಳವಾರ ಹಲಗೆಯ ಮೇಲೆ ಅವನ ಸಾಲು ದಾಸವಾಳದ ಗಿಡದ ಹಾಗೆ ಕೆಂಪಾಗಿರುತ್ತಿತ್ತು. "ಟೀಚರಮ್ಮ, ನಿಮ್ಮ ತಮ್ಮನಿಗೆ ಸೋಮವಾರ ಬಂದ್ರೆ ಏನೋ ಮೈಮೇಲೆ ಬರುತ್ತೆ, ಮನೇಲಿ ಭಾನುವಾರ ಏನು ಊಟ ಹಾಕ್ತೀರಿ?" ಎಂದು ಮಾಸ್ತರು ನನ್ನನ್ನು ಕೇಳಿದರು. ನಾನು ಬೇಳೆ ಮತ್ತು ಅನ್ನ ಎಂದೆ.

ತಮಾಷೆ ಮಾಡುತ್ತಿದ್ದೇನೆ, ಆದರೆ ತಮಾಷೆಯ ಸ್ಥಿತಿಯಿರಲಿಲ್ಲ. ಇದು ಅವನ ಎರಡನೆಯ ಬೇಸಿಗೆ. ಈ ಬೇಸಿಗೆ ಮುಗಿಯುವುದರೊಳಗೆ ಒಂದೋ ಕ್ಲಬ್ಬಿನ ಮೇಲಿನ ತಂಡಕ್ಕೆ ಆಡಲು ಫ್ಲಾರಿಡಾಕ್ಕೆ ಕಳಿಸುತ್ತಾರೆ, ಇಲ್ಲವೋ ಮನೆಗೆ. ಮನೆಗೆ ಕಳಿಸುವುದು ಹೇಗೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಆಡುತ್ತಿದ್ದ ಕಾಲದಲ್ಲಿ ಒಂದು ಬೆಳಗ್ಗೆ ಹೋಗಿ ನೋಡಿದರೆ ಕಪಾಟಿನ ಮೇಲೆ ನಿನ್ನ ಹೆಸರಿನ ಪಟ್ಟಿಯೇ ಇರಲಿಲ್ಲ ಎಂದು ನೀನು ಒಂದೇ ಒಂದು ಸಲ ಹೇಳಿದ್ದೆ, ಮತ್ತೆ ಹೇಳಲಿಲ್ಲ. ಜುಲೈನಲ್ಲಿ ಇಬ್ಬರು ಹುಡುಗರು ಹಾಗೆ ಹೋದರು. ನನ್ನ ತರಗತಿಯಲ್ಲಿ ಅವರು ಕೂರುತ್ತಿದ್ದ ಕುರ್ಚಿಗಳಲ್ಲಿ ಈಗಲೂ ಯಾರೂ ಕೂರುವುದಿಲ್ಲ. ನೆಫ್ತಾಲಿ ಆ ಕುರ್ಚಿಗಳನ್ನು ನೋಡದೇ ಇರಲು ಕಿಟಕಿಯ ಕಡೆ ತಿರುಗಿ ಕೂರಲು ಶುರುಮಾಡಿದ.

ಒಂದು ಸಂಜೆ ನಾನು ಸಲೂನಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಬೀದಿಯಲ್ಲಿ ಮಕ್ಕಳು ಮುಚ್ಚಳದಾಟ ಆಡುತ್ತಿದ್ದರು. ನೆಫ್ತಾಲಿ ಅವರಿಗೆ ಮುಚ್ಚಳ ಎಸೆಯುತ್ತಿದ್ದ. ನೋಡುತ್ತಾ ನೋಡುತ್ತಾ ನನಗೊಂದು ಕಂಡಿತು. ಎಲ್ಲಕ್ಕೂ ಕೋಲು ಬೀಸುವ ಮಕ್ಕಳಿಗೆ ಅವನು ಒಳ್ಳೆಯ ಮುಚ್ಚಳವನ್ನೇ ಎಸೆಯುತ್ತಿರಲಿಲ್ಲ. ಅಷ್ಟು ದೂರದಲ್ಲಿ, ಕೈಗೆಟುಕದ ಹಾಗೆ ಎಸೆದು, ಅವರು ಮುಗ್ಗರಿಸಿದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎದುರು ಮನೆಯ ಹುಡುಗಿ ಒಬ್ಬಳು ಮಾತ್ರ ಕೋಲು ಹೆಗಲ ಮೇಲಿಟ್ಟುಕೊಂಡು "ಇದನ್ನ ನಿಮ್ಮಜ್ಜಿಗೆ ಹಾಕು ಹೋಗು, ನಂಗೆ ಸರಿಯಾಗಿ ಹಾಕು" ಎಂದು ನಿಂತುಬಿಡುತ್ತಿದ್ದಳು. ಅವಳಿಗೆ ಮಾತ್ರ ಅವನು ಬೇರೆ ದಾರಿಯಿಲ್ಲದೆ ನೇರವಾಗಿ ಎಸೆದ, ಅವಳು ಅದನ್ನು ಸೆನಾಯ್ದಾಳ ಮಾಡಿನ ಮೇಲೆ ಹೊಡೆದಳು. ಅಲ್ಲೇ ಅವನಿಗೆ ಹೇಳಬೇಕು ಅನಿಸಿತು. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಬೀದಿಯಲ್ಲಿ ನನ್ನ ಬಾಯಿ ತೆರೆಯುವುದಿಲ್ಲ.

ಅದಕ್ಕೆ ಮರುದಿನ ತರಗತಿಯಲ್ಲಿ ಎಲ್ಲರಿಗೂ ಒಂದು ಅಭ್ಯಾಸ ಕೊಟ್ಟೆ. ನೀವೀಗ ಚೆಂಡು ಎಸೆಯುವ ಪಿಚರ್, ಎದುರಿಗೆ ಬ್ಯಾಟು ಹಿಡಿದು ನಿಂತಿರುವುದು ನೀವೇ, ಏನು ಮಾಡುತ್ತೀರಿ, ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಿರಿ ಎಂದೆ. ಕಾಲೇಜಿನಲ್ಲಿ ಓದಿದ ಸಾಹಿತ್ಯ ಅಷ್ಟಕ್ಕಾದರೂ ಬಂತು ನೋಡು. ಎಲ್ಲರೂ ಪೆನ್ಸಿಲ್ ಕಚ್ಚುತ್ತಾ ಕುಳಿತರು. ನೆಫ್ತಾಲಿ ಎದ್ದುನಿಂತು ತನ್ನದನ್ನು ಜೋರಾಗಿ ಓದಿದ. ಅವನ ಇಂಗ್ಲಿಷನ್ನು ಹಾಗೇ ನಮ್ಮ ಮಾತಿಗೆ ತಿರುಗಿಸಿದರೆ ಹೀಗಾಗುತ್ತದೆ: "ನಾನು ಪಿಚರ್. ನೆಫ್ತಾಲಿ ತುಂಬಾ ಹಸಿವು. ನಾನು ಕೊಡುತ್ತೇನೆ ಕೆಟ್ಟ ಊಟ. ಅವನು ತಿನ್ನುತ್ತಾನೆ. ಥ್ಯಾಂಕ್ಯೂ ನೆಫ್ತಾಲಿ." ತರಗತಿ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿ, ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿಕೊಂಡ. ಅವತ್ತು ಸಂಜೆ ದಾರದ ಕಿಟಕಿಯ ಬಳಿಯಿಂದ ಮೊದಲ ಸಲ "ಬೇಡ" ಎಂಬ ಅವನ ದನಿ ನನಗೆ ಕೇಳಿಸಿತು. ಮಾಸ್ತರು ಟೋಪಿ ತೆಗೆದು ಆಕಾಶಕ್ಕೆ ಕೈಮುಗಿದರಂತೆ.

ಹೋದ ವಾರ ಕ್ಲಬ್ಬಿನ ಕಚೇರಿಯಿಂದ ಮಿಸ್ ಬ್ರಿಂಕ್ಲಿ ಬಂದಳು. ಕ್ಲಬ್ಬಿನ ಎಲ್ಲ ಊರುಗಳ ಎಳೆಯ ಹೊಡೆತಗಾರರನ್ನೂ ನೋಡಿಕೊಳ್ಳುವವಳು ಅವಳೇ. ಯಾರು ಫ್ಲಾರಿಡಾಕ್ಕೆ ಎಂದು ಹೇಳುವವಳೂ ಅವಳೇ. "ಹೆಂಗಸಾ?" ಎಂದು ಅಜ್ಜಿ ಕೇಳಿದಳು. ಹೌದು ಎಂದೆ. "ಸರಿ ಬಿಡು, ಅಲ್ಲಿ ಒಬ್ಬರಿಗಾದ್ರೂ ಬುದ್ಧಿ ಇರುತ್ತೆ" ಎಂದಳು. ಮಿಸ್ ಬ್ರಿಂಕ್ಲಿಗೆ ನಮ್ಮ ಭಾಷೆ ಬರುವುದಿಲ್ಲ, ಅದಕ್ಕೆ ಅವಳ ಪಕ್ಕದಲ್ಲಿದ್ದು ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ನಿನ್ನೆ ಶನಿವಾರದ ಆಟವನ್ನು ನಾನು ಬಲೆಯ ಹಿಂದೆ, ಹೊಡೆತಗಾರ ನಿಲ್ಲುವ ಜಾಗದ ನೇರಕ್ಕೆ ಕುಳಿತು ನೋಡಿದೆ. ಎಡಗಡೆ ಬೆಂಚಿನ ಮೇಲೆ ನಮ್ಮವರು. ಅಮ್ಮ ಸಲೂನಿಗೆ ಬೀಗ ಹಾಕಿ, ಗಿರಾಕಿಗಳನ್ನೂ ವ್ಯಾನಿಗೆ ತುಂಬಿಸಿಕೊಂಡು ಬಂದಿದ್ದಳು. ಇಬ್ಬರ ತಲೆಯಲ್ಲಿ ಇನ್ನೂ ಕೂದಲು ಸುತ್ತುವ ಉರುಳೆಗಳಿದ್ದವು. ಅಜ್ಜಿಯ ಕೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳ, ಒಂದು ಸೌಟು. ಬಿಸಿಲು ಹೇಗಿತ್ತೆಂದರೆ ಮುಚ್ಚಳ ಬಡಿದಾಗಲೆಲ್ಲ ಅದರ ಹೊಳಪು ಪಿಚರ್‌ನ ಕಣ್ಣಿಗೆ ಹೊಡೆಯುತ್ತಿತ್ತು, ಅಂಪೈರು ಬಂದು "ಅಮ್ಮಾ, ಮುಚ್ಚಳ ಆ ಕಡೆ ತಿರುಗಿಸ್ಕೊಂಡು ಬಡೀರಿ" ಎಂದು ಕೇಳಿಕೊಂಡ.

ಮೊದಲ ಸರದಿಯಲ್ಲಿ ನೆಫ್ತಾಲಿ ಬ್ಯಾಟನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಪಿಚರ್ ಕೆಟ್ಟ ಊಟ ಬಡಿಸುತ್ತಾ ಹೋದ, ಇವನು ಬೇಡ ಬೇಡ ಎನ್ನುತ್ತಾ ಹೋದ, ನಾಲ್ಕು ಕೆಟ್ಟ ಚೆಂಡಾಯಿತು, ಹಾಗಾದರೆ ಹೊಡೆಯದೆಯೇ ಒಂದು ಬೇಸ್ ಸಿಗುತ್ತದಲ್ಲ, ಬ್ಯಾಟನ್ನು ಮೆಲ್ಲಗೆ ಕೆಳಗಿಟ್ಟು ಮೊದಲ ಬೇಸ್‌ಗೆ ನಡೆದು ಹೋದ. ಅಜ್ಜಿಯ ದನಿ ಇಡೀ ಮೈದಾನಕ್ಕೆ ಕೇಳಿಸಿತು. "ನಡೆಯೋದನ್ನ ನೋಡೋಕೆ ಬಂದ್ನಾ ನಾನು? ನಡೆಯೋದನ್ನ ನಾನೇ ಕಲ್ಸಿದ್ದೀನಿ ಅವನಿಗೆ, ವರ್ಷ ತುಂಬೋಕೆ ಮುಂಚೆ!" ಅಜ್ಜಿ ಏನೆಂದಳು ಎಂದು ಮಿಸ್ ಬ್ರಿಂಕ್ಲಿ ನನ್ನನ್ನು ಕೇಳಿದಳು. ಅಜ್ಜಿಗೆ ತುಂಬಾ ಸಂತೋಷವಾಗಿದೆ ಎಂದು ಅನುವಾದಿಸಿದೆ.

ಎರಡನೆಯ ಸರದಿಯಲ್ಲಿ ಎರಡು ಬಿಟ್ಟ, ಮೂರನೆಯದಕ್ಕೆ ಬೀಸಿದ. ಅಪ್ಪಾ, ಆ ಸದ್ದು! ಒಣಗಿದ ಹಲಗೆ ಒಂದೇ ಏಟಿಗೆ ಸೀಳಿದ ಹಾಗೆ. ಚೆಂಡು ನೇರ ಹೋಗಿ ಎದುರು ತಂಡದವನ ಕೈಗವಸಿಗೆ ಬಡಿಯಿತು, ಅವನು ಅದರ ರಭಸಕ್ಕೆ ಹಿಂದಕ್ಕೆ ಕುಳಿತ, ಆದರೆ ಬಿಡಲಿಲ್ಲ. ಔಟ್. ನಮ್ಮ ಬೆಂಚು ತಲೆ ಮೇಲೆ ಕೈ ಹೊತ್ತುಕೊಂಡಿತು. ಕ್ವಿರೀನೊ ಮಾಸ್ತರು ಮಾತ್ರ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಮಿಸ್ ಬ್ರಿಂಕ್ಲಿ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಈ ಬೇಸಿಗೆಯಲ್ಲಿ ಆ ಮೈದಾನದಲ್ಲಿ ಯಾರ ಬ್ಯಾಟಿನಿಂದಲೂ ಚೆಂಡು ಅಷ್ಟು ವೇಗವಾಗಿ ಹೊರಟಿರಲಿಲ್ಲ. ಕೆಟ್ಟದ್ದನ್ನು ಬಿಟ್ಟು ಕಾದವನಿಗೆ ಕೊನೆಗೆ ಒಳ್ಳೆಯದನ್ನು ಕೊಡಲೇಬೇಕಾಗುತ್ತದೆ, ಎದುರು ಮನೆಯ ಹುಡುಗಿಗೆ ಇವನು ಕೊಟ್ಟ ಹಾಗೆ. ಅಷ್ಟು ದಿನದ ದಾರ, ಬಿಲ್ಲೆ, ಬರಿಗೈ ಅಭ್ಯಾಸ ಎಲ್ಲ ಯಾತಕ್ಕೆ ಎಂದು ನನಗೆ ಆ ಒಂದು ಸದ್ದಿನಲ್ಲಿ ತಿಳಿಯಿತು. "ಔಟಾದೋನಿಗೆ ಚಪ್ಪಾಳೆ ಹೊಡೀತಾರಲ್ಲ, ಇವರಿಗೆಲ್ಲಾ ಬಿಸಿಲು ತಲೆಗೇರಿದೆ" ಎಂದು ಅಜ್ಜಿ ಸೆನಾಯ್ದಾಳಿಗೆ ಹೇಳುತ್ತಿದ್ದಳು.

ಈಗ ಕೊನೆಯದು. ಕೊನೆಯ ಇನ್ನಿಂಗ್ಸ್, ಎರಡೂ ತಂಡ ಸಮಸಮ, ನಮ್ಮವರು ಇಬ್ಬರು ಔಟು, ಇನ್ನೊಬ್ಬ ಔಟಾದರೆ ನಮ್ಮ ಸರದಿ ಮುಗಿಯಿತು, ಮೂರು ಬೇಸುಗಳಲ್ಲೂ ನಮ್ಮ ಹುಡುಗರು ನಿಂತಿದ್ದಾರೆ, ಒಬ್ಬ ಸುತ್ತು ಮುಗಿಸಿ ಮನೆ ಮುಟ್ಟಿದರೆ ಗೆದ್ದೆವು. ಬ್ಯಾಟು ಹಿಡಿದು ಬಂದವನು ನಿನ್ನ ಮಗ. ಅಜ್ಜಿ ಎದ್ದು ನಿಂತಳು, ಮಂಡಿ ನೋವಿನ ನೆನಪೇ ಇಲ್ಲ. "ಬಾರ್ಸೋ ನೆಫ್ತಾಲಿ, ನಿಮ್ಮಪ್ಪ ನೋಡ್ತಿದ್ದಾನೆ ಅಂದ್ಕೊಂಡು ಬಾರ್ಸೋ!" ಉರುಳೆ ಹಾಕಿಕೊಂಡವರೂ ಬಾರ್ಸು ಬಾರ್ಸು ಎಂದು ಕೂಗತೊಡಗಿದರು. ಮುಚ್ಚಳ ಢಣ ಢಣ. ಒಂದು ಹೊರಗೆ, ಬಿಟ್ಟ. ಒಂದು ಒಳಗೆ, ಬೀಸಿದ, ಚೆಂಡು ಬ್ಯಾಟಿಗೆ ಸವರಿ ಹಿಂದಿನ ಬಲೆಗೆ ಬಂದು ನನ್ನ ಮುಖದ ಮುಂದೆಯೇ ಬಡಿಯಿತು. ಮತ್ತೊಂದು ಹೊರಗೆ, ಬಿಟ್ಟ. ನೆಲಕ್ಕೆ ಬಿದ್ದ ಇನ್ನೊಂದು, ಅದನ್ನೂ ಬಿಟ್ಟ. ಮೂರು ಕೆಟ್ಟವಾದವು. ಆಮೇಲೆ ಆ ಚೆಂಡು ಬಂತು. ಅಪ್ಪಾ, ಅದೇ ಚೆಂಡು. ಜೂನಿನಲ್ಲಿ ಕಬ್ಬಿನ ಗದ್ದೆಗೆ ಅಟ್ಟಿದ್ದನಲ್ಲ, ಅದೇ ಎತ್ತರ, ಕಣ್ಣಿನ ಮಟ್ಟ, ಹಣ್ಣಿನ ಹಾಗೆ ದುಂಡಗೆ, ಬಾ ಎಂದು ಕರೆಯುವ ಹಾಗೆ. ಅವನ ಮೊಣಕೈ ಚಲಿಸಿದ್ದನ್ನು ನಾನು ಕಂಡೆ. ಬ್ಯಾಟು ಹೊರಟಿತ್ತು. ಬ್ಯಾಟು ಅವನ ಭುಜದ ಹತ್ತಿರ ಬಂದು, ಗಕ್ಕನೆ ನಿಂತಿತು. ಚೆಂಡು ಕ್ಯಾಚರ್‌ನ ಕೈಗೆ ಹೋಯಿತು. ಅಂಪೈರು ಕೈ ಎತ್ತಲಿಲ್ಲ. ಅಂದರೆ ನಾಲ್ಕನೆಯ ಕೆಟ್ಟ ಚೆಂಡು! ಇವನು ಮೊದಲ ಬೇಸ್‌ಗೆ ನಡೆಯಬೇಕು, ಅಲ್ಲಿದ್ದವನು ಎರಡನೆಯದಕ್ಕೆ, ಅವನು ಮೂರನೆಯದಕ್ಕೆ, ಮೂರನೆಯವನು ಮನೆಗೆ. ಎಲ್ಲರೂ ನಡೆದರು, ನಾವು ಗೆದ್ದೆವು!

ಏನೂ ಹೊಡೆಯದವನಿಗೆ ಹೇಗೆ ಕೂಗುವುದು? ಆಮೇಲೆ ಹುಡುಗರು ಬೆಂಚಿನಿಂದ ಹಾರಿ ಬಂದು ಐಸು ನೀರಿನ ಡ್ರಮ್ಮನ್ನೇ ಅವನ ತಲೆ ಮೇಲೆ ಸುರಿದರು. ಮಾಸ್ತರು ಆ ಹೊಟ್ಟೆ ಹೊತ್ತುಕೊಂಡು ಓಡಿದರು. ಅಜ್ಜಿ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಅಕ್ಕಪಕ್ಕ ನೋಡಿ, "ಮುಗೀತಾ? ಗೆದ್ವಾ? ನಿಂತ್ಕೊಂಡೇ ಗೆದ್ದನಾ?" ಎಂದು ಕೇಳಿ, ಹೌದೆಂದು ತಿಳಿದ ಮೇಲೆ ಮುಚ್ಚಳ ಸೊಟ್ಟಗಾಗುವವರೆಗೆ ಬಡಿದಳು. ಈಗ ಅದು ಪಾತ್ರೆಗೆ ಕೂರುವುದಿಲ್ಲ. ಇವತ್ತು ಅನ್ನ ಅರೆಬೆಂದಿತ್ತು.

ಮಧ್ಯಾಹ್ನ ಮಾಸ್ತರ ಕೋಣೆಗೆ ನಮ್ಮನ್ನು ಕರೆದರು. ನೆಫ್ತಾಲಿಯ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮಿಸ್ ಬ್ರಿಂಕ್ಲಿ ನಿಧಾನವಾಗಿ ಹೇಳಿದಳು, ನಾನು ಅನುವಾದಿಸಬೇಕಿತ್ತು, ಆದರೆ ನಾನು ಅದನ್ನು ಬಿಟ್ಟು ಟವೆಲ್ಲು ಎಳೆದುಕೊಂಡು ಅವನ ತಲೆ ಒರೆಸತೊಡಗಿದೆ. ಕೊನೆಗೆ ಅವನೇ ನನ್ನ ತರಗತಿಯ ಇಂಗ್ಲಿಷಿನಲ್ಲಿ "ನಾನು ಫ್ಲಾರಿಡಾ?" ಎಂದು ಕೇಳಿದ, ಅವಳು "ನೀನು ಫ್ಲಾರಿಡಾ" ಎಂದಳು. ಮುಂದಿನ ತಿಂಗಳ ಶಿಬಿರಕ್ಕೆ ಹೊರಡುತ್ತಾನೆ, ಮುಂದಿನ ವರ್ಷದ ಆಟವೂ ಅಲ್ಲೇ! ಮಾಸ್ತರು ನಮ್ಮನ್ನು ಬಾಗಿಲವರೆಗೆ ಬಿಡಲು ಬಂದು ನನಗೊಂದು ಮಾತು ಹೇಳಿದರು, ಅದನ್ನು ನಿನಗೆ ತಲುಪಿಸಬೇಕು. ಅವರು ನಿನ್ನ ಕಾಲದಲ್ಲಿ ಎದುರು ತಂಡಕ್ಕೆ ಆಡುತ್ತಿದ್ದರಂತೆ. "ನಿಮ್ಮಪ್ಪನ ಕೈಯಂಥ ಕೈ ನಾನು ನೋಡಿಲ್ಲ ಟೀಚರಮ್ಮ. ಇವನಿಗಿಂತಾನೂ ವೇಗ. ನಮಗೆ ಬೇಡ ಅನ್ನೋದನ್ನ ಆಗ ಯಾರೂ ಕಲಿಸ್ಲಿಲ್ಲ, ಅಷ್ಟೇ" ಎಂದರು.

ಆಲೆನ್‌ಟೌನಿನಿಂದ ಫ್ಲಾರಿಡಾಕ್ಕೆ ಬಸ್ಸಿದೆಯಂತೆ. ನಕ್ಷೆಯಲ್ಲಿ ಅಳೆದು ನೋಡಿದೆ, ನನ್ನ ಗೇಣಿಗಿಂತ ಕಡಿಮೆ. ನೀನು ಬಲೆಯ ಹಿಂದೆ ನಾನು ಕುಳಿತಂಥ ಜಾಗದಲ್ಲೇ ಕೂರಬೇಕು. ಅಮ್ಮ ನಿನ್ನೆಯಿಂದ ಹಾಡು ಗುನುಗುತ್ತಲೇ ಅಳುತ್ತಿದ್ದಾಳೆ, ಎರಡನ್ನೂ ಒಟ್ಟಿಗೆ ಹೇಗೆ ಮಾಡುತ್ತಾಳೋ. ಅವಳ ಪ್ರೀತಿ, ಅಜ್ಜಿಯ ಹರಕೆ, ಸಲೂನಿನವರೆಲ್ಲರ ನೆನಪು ನಿನಗೆ. ಭುಜ ಜೋಪಾನ. ಸಮುದ್ರಕ್ಕೆ ಹೋದವನು ಬರುವ ಹೊತ್ತಾಯಿತು, ಈ ಹಾಳೆಗಳನ್ನು ಮಡಚಿ ಸೆನಾಯ್ದಾಳ ಕೈಗೆ ಕೊಟ್ಟುಬರುತ್ತೇನೆ.

ನಿನ್ನ ಆಶೀರ್ವಾದಕ್ಕೆ ತಲೆಬಾಗಿರುವ ಮಗಳು,
ನೊಯೆಮಿ

ತಾ. ಕ.: ಇದನ್ನು ಸೆನಾಯ್ದಾಳ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ. ಫ್ಲಾರಿಡಾದ ಸುದ್ದಿ ನಿನಗೆ ಗೊತ್ತೆಂದು ಅವನಿಗೆ ಗೊತ್ತಿಲ್ಲ. ಮುಂದಿನ ಭಾನುವಾರ ತಾನೇ ಹೇಳುತ್ತಾನಂತೆ, ಗೊತ್ತಿಲ್ಲದವನ ಹಾಗೆ ಕುಣಿದುಬಿಡು. ಆದರೆ ಒಂದು ಮಾತು ಅವನು ನಿನಗೆ ಹೇಳುವುದಿಲ್ಲ, ಅದಕ್ಕೆ ನಾನು ಹೇಳಬೇಕು. ನಿನ್ನೆ ವ್ಯಾನಿನಲ್ಲಿ ಎಲ್ಲರೂ ಹಾಡುತ್ತಿರುವಾಗ ನನ್ನ ಕಿವಿಯಲ್ಲಿ ಹೇಳಿದ: "ಕೈ ಹೊರಟೇಬಿಟ್ಟಿತ್ತು ಅಕ್ಕ. ಅಪ್ಪ ಕಿವಿಯೊಳಗೇ ಬಾರ್ಸು ಅಂದ ಹಾಗಾಯ್ತು. ಅಪ್ಪನ ಮಾತು ಮೀರಿದ್ದು ಇದೇ ಮೊದಲು. ಬೇಜಾರು ಮಾಡ್ಕೋತಾನಾ?" ನಿನ್ನ ಸಂದೇಶ ಬಂದದ್ದು ಅದಾದ ಮೇಲೆ. ಆದ್ದರಿಂದ ಅಪ್ಪಾ, ಈ ಸಲ ಅವನು ಆಶೀರ್ವಾದ ಕೇಳುವುದಕ್ಕೆ ಮೊದಲೇ ನೀನು ಕೊಟ್ಟುಬಿಡು. ಎಷ್ಟು ಹೊಡೆದೆ ಎಂದು ಕೇಳಬೇಡ. ಕೊನೆಯ ಚೆಂಡು ಎಷ್ಟು ಎತ್ತರಕ್ಕೆ ಬಂದಿತ್ತು ಎಂದು ಕೇಳು. ಅವನು ಕೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತೋರಿಸುತ್ತಾನೆ. ಆಗ ನೀನು "ಬಿಟ್ಟಿದ್ದು ಒಳ್ಳೇದಾಯ್ತು ಮಗಾ" ಎಂದುಬಿಡು, ಅಷ್ಟು ಸಾಕು.